ಗೋಮಾಳದಲ್ಲಿ ವಿಮಾನ ಇಳಿಸಿದ ದಿನಗಳು

ವಿಮಾನ ಮೇಲೆ ಹಾರುವಷ್ಟು ಹೊತ್ತೂ ಕೆಳಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಇದು ನಾನು ಓದಿ ತಿಳಿದದ್ದಲ್ಲ, ಎಪ್ಪತ್ತರ ದಶಕದಲ್ಲಿ ಮದ್ದೂರು-ಮಳವಳ್ಳಿ ನಡುವಿನ ಒಂದು ಗೋಮಾಳದಲ್ಲಿ ನಿಂತು ಅನುಭವಿಸಿದ್ದು.

ನಾನು ಕಂಟ್ರೋಲ್ ಆದದ್ದು

ಆ ವರ್ಷ ಕಬ್ಬಿಗೆ ಹುಳ ಬಿದ್ದು ಗರಿಯೆಲ್ಲ ಬೆಳ್ಳಗಾಗಿತ್ತು. ವಿಮಾನದಿಂದ ಔಷಧಿ ಹೊಡೆಸುವುದೆಂದು ತೀರ್ಮಾನವಾಗಿ, ಒಬ್ಬರೇ ಕೂರುವಂಥ ಎರಡು ಪುಟ್ಟ ವಿಮಾನಗಳು ಬಂದವು. ಗೋಮಾಳ ಮಟ್ಟ ಮಾಡಿ ಇಳಿದಾಣವಾಯಿತು. ಒಂದು ಬದಿಯಲ್ಲಿ, ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟುತ್ತಾರಲ್ಲ, ಅಂಥ ಅಟ್ಟಣೆ ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿ, ವೈರ್‌ಲೆಸ್ ಸೆಟ್ಟು ಇಟ್ಟರು. ವಿಮಾನಗಳಿಗೆ ‘ಈಗ ಇಳಿಯಿರಿ, ಈಗ ಏರಿ’ ಎಂದು ಹೇಳಲು ಒಬ್ಬ ಬೇಕಿತ್ತು.

ನಾನು ಕೆಲಸಕ್ಕಿದ್ದ ಮಳವಳ್ಳಿಯ ಕೃಷಿ ಆಫೀಸಿನಲ್ಲಿ ಸಾಹೇಬರು ಕೇಳಿದರು, “ವೈರ್‌ಲೆಸ್ ಗೊತ್ತಿರೋರು ಯಾರಿದೀರಿ?”

ಕಾಲೇಜಿನ ಕವಾಯತಿನಲ್ಲಿ ಒಂದು ಸಲ ಆ ಸೆಟ್ಟನ್ನು ಬೆನ್ನ ಮೇಲೆ ಹೊತ್ತಿದ್ದೆ. ಹೊತ್ತಿದ್ದೆ, ಅಷ್ಟೇ. ಆದರೂ ಕೈ ಎತ್ತಿಬಿಟ್ಟೆ.

ಮನೆಗೆ ಹೋಗಿ ಎದೆಯುಬ್ಬಿಸಿ ಅವ್ವನಿಗೆ ಹೇಳಿದೆ, “ನಾಳೆಯಿಂದ ವಿಮಾನ ಇಳಿಸೋ ಕೆಲಸ ನಂದು ಕಣವ್ವ.”

ಅವ್ವ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. “ಸೈಕಲ್ ಮ್ಯಾಲಿಂದ ಇಳಿಯೋಕೇ ನಿಂಗೆ ಜಗಲಿ ಬೇಕು. ನೀನು ಇಮಾನ ಇಳಿಸ್ತೀಯೇನ್ಲಾ?”

ಗಾಳಿ ಚೀಲ

ಗಾಳಿ ಎತ್ತ ಬೀಸುತ್ತಿದೆ ಎಂದು ಪೈಲಟ್ಟಿಗೆ ಗೊತ್ತಾಗಲು ಕಂಬಕ್ಕೆ ಬಟ್ಟೆಯ ಉದ್ದನೆ ಚೀಲ ಕಟ್ಟಬೇಕು. ಎರಡೂ ತುದಿ ತೆರೆದಿರಬೇಕು. ಕೆಂಪು ಬಟ್ಟೆ ಕೊಂಡು ಮದ್ದೂರಿನ ಟೈಲರ್ ಹತ್ತಿರ ಹೋದೆ.

“ಯಾರ ಅಳ್ತೆ ಸಾ?” ಎಂದ.

“ಯಾರದೂ ಅಲ್ಲ. ತೋಳಿನ ಹಾಗೆ ಹೊಲಿ. ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಎರಡು ಕಡೆನೂ ಬಾಯಿ ಬಿಡು.”

“ಎಲ್ಡೂ ಕಡೆ ಬಾಯಿ ಬುಟ್ರೆ ಒಳೀಕೆ ಆಕಿದ್ದು ಉಳೀತದಾ ಸಾ? ಏನಾಕ್ತೀರಿ?”

“ಗಾಳಿ ಕಣಯ್ಯ.”

ಅವನು ನನ್ನನ್ನು ಒಂದು ಥರಾ ನೋಡಿ ಬಟ್ಟೆ ತೆಗೆದಿಟ್ಟುಕೊಂಡ. ಮಾರನೆಯ ದಿನ ಚೀಲ ತಂದು ಕಂಬಕ್ಕೇರಿಸಿದೆ. ಅದು ದಿಂಬಿನ ಹಾಗೆ ಊದಿಕೊಂಡು ಕಂಬಕ್ಕೆ ಡಬಡಬ ಹೊಡೆದುಕೊಳ್ಳತೊಡಗಿತು. ಇಳಿಸಿ ನೋಡಿದರೆ ಕಿರಿದಾದ ಬಾಯಿಗೆ ಗಟ್ಟಿಯಾಗಿ ಎರಡು ಹೊಲಿಗೆ! ಸಿಟ್ಟಿನಿಂದ ಅಂಗಡಿಗೆ ಹೋದೆ.

ಟೈಲರ್ ತಣ್ಣಗೆ ಹೇಳಿದ, “ಗಾಳಿ ಸೋರೋಯ್ತಿತ್ತು ಸಾ. ನಿಮ್ಗೇ ನಷ್ಟ ಅಂತ ಒಲ್ದ್‌ಬುಟ್ಟೆ.”

ಬಿಟ್ಟುಹೋದ ಗದ್ದೆ

ಒಂದು ಬೆಳಿಗ್ಗೆ ಸೋಮನಹಳ್ಳಿ ಕಡೆಯ ರೈತರೊಬ್ಬರು ಟವೆಲ್ ಬೀಸುತ್ತಾ ಓಡಿಬಂದು ಅಟ್ಟಣೆಯ ಕೆಳಗೆ ನಿಂತರು.

“ರೀ ಸಾಮಿ, ಪಕ್ಕದೋನ ಗದ್ದೆಗೆಲ್ಲ ಒಡ್ದು ನಂದ ಬುಟ್ಟು ಓಯ್ತಾ ಅವ್ನಲ್ಲ! ಕರೀರಿ ಅವ್ನ!”

“ವಿಮಾನ ಮುಂದೆ ಹೋಯ್ತು ಯಜಮಾನ್ರೇ. ನಾಳೆ ಹೊಡೆಸ್ತೀನಿ.”

“ನಾಳೆ ಯಾಕೆ? ಇಲ್ಲೇ ಅವ್ನೆ, ಕಾಣ್ತಾ ಅವ್ನೆ. ಒಂದೀಟು ರಿವರ್ಸ್ ತಗಳಕ್ಕೇಳಿ!”

ಎದುರಾಬದುರಾ

ಈಗ ನೆನೆದರೂ ಅಂಗೈ ಬೆವರುವ ಪ್ರಸಂಗ ಇದು.

ಪೈಲಟ್ಟುಗಳಲ್ಲಿ ಹಿರಿಯರು ಉತ್ತರದ ಕಡೆಯವರು, ಕನ್ನಡ ಬಾರದು. ಕಿರಿಯರು ಮೈಸೂರಿನವರು. ವೈರ್‌ಲೆಸ್ಸಿನಲ್ಲಿ ಇಂಗ್ಲಿಷೇ ಆಡಬೇಕೆಂದು ನಿಯಮ. ಗಾಬರಿಯಾದಾಗ ಮಾತ್ರ ನನಗೆ ಇಂಗ್ಲಿಷು ಕೈಕೊಡುತ್ತಿತ್ತು. ಇನ್ನೊಂದು ವಿಷಯ: ಮೈಕಿನ ಗುಂಡಿ ಒತ್ತಿ ಹಿಡಿದಿದ್ದರಷ್ಟೇ ಮಾತು ಹೋಗುತ್ತದೆ, ಬೆರಳು ಬಿಟ್ಟರೆ ಅಲ್ಲಿಗೇ ನಿಲ್ಲುತ್ತದೆ.

ಅವತ್ತು ಗಾಳಿಯೇ ಇರಲಿಲ್ಲ. ಯಾವ ಕಡೆಯಿಂದ ಇಳಿದರೂ ನಡೆಯುತ್ತಿತ್ತು. ಹಿರಿಯರು ಮದ್ದೂರಿನ ಕಡೆಯಿಂದ ಬಂದರು, ಇಳಿಯಿರಿ ಎಂದೆ. ಅಷ್ಟರಲ್ಲಿ ಮಳವಳ್ಳಿ ಕಡೆಯಿಂದ ಕಿರಿಯರೂ ಬಂದು “ಇಳೀಲಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಾಬರಿಗೆ ಕನ್ನಡದಲ್ಲೇ “ಈಗ ಇಳೀಬೇಡಿ!” ಎಂದು ಕಿರುಚಿದೆ. ಆದರೆ ಬೆವರಿಗೆ ಬೆರಳು ಜಾರಿ, ‘ಈಗ ಇಳೀ’ ಮಾತ್ರ ಮೇಲೆ ಹೋಯಿತು. ‘ಬೇಡಿ’ ನನ್ನ ಹತ್ತಿರವೇ ಉಳಿಯಿತು.

ಕಿರಿಯರು ಇಳಿಸತೊಡಗಿದರು. ಒಂದೇ ಪಟ್ಟಿಯ ಮೇಲೆ ಆ ತುದಿಯಿಂದ ಒಂದು, ಈ ತುದಿಯಿಂದ ಒಂದು! ಮತ್ತೆ ಗುಂಡಿ ಒತ್ತಿದರೆ ಬಾಯಿಂದ ದನಿಯೇ ಹೊರಡಲಿಲ್ಲ. ಅಟ್ಟಣೆಯ ಕಂಬ ತಬ್ಬಿಕೊಂಡು ಕಣ್ಣು ಮುಚ್ಚಿದೆ. ಭರ್ ಎಂದು ಸದ್ದಾಗಿ ತಲೆಯ ಮೇಲಿನ ಗರಿಯೆಲ್ಲ ಹಾರಿಹೋಯಿತು. ಕಣ್ಣು ಬಿಟ್ಟರೆ ಹಿರಿಯರ ವಿಮಾನ ಧೂಳೆಬ್ಬಿಸಿ ನಿಂತಿತ್ತು. ಅದರ ನೆತ್ತಿಯ ಮೇಲೇ ಹಾದುಹೋದ ಕಿರಿಯರು ಆಕಾಶದಲ್ಲಿದ್ದರು. ಇಬ್ಬರೂ ಬದುಕಿದ್ದರು. ನಾನೊಬ್ಬ ಬದುಕಿದ್ದೇನೋ ಇಲ್ಲವೋ ಅನುಮಾನವಿತ್ತು.

ಕಿರಿಯರು ಸುತ್ತು ಹಾಕಿ ಇಳಿದದ್ದೇ ತಡ, ಇಬ್ಬರಿಗೂ ಜಗಳ ಹತ್ತಿತು. ಇಂಗ್ಲಿಷಿನಲ್ಲಿ ಕೈ ಮಾಡುವುದೊಂದು ಬಾಕಿ. ನಾನು ಅಟ್ಟಣೆಯಿಂದ ಇಳಿದುಹೋಗಿ, ಬೆರಳು ಜಾರಿದ್ದನ್ನು ಹೇಳಿದೆ.

ಕಿರಿಯರು ತಲೆ ಚಚ್ಚಿಕೊಂಡರು. “ಕೆಳಗೆ ಸಿಕ್ಕಾಗೆಲ್ಲ ಬಹುವಚನ ಹಾಕೋರು ಇವತ್ತು ‘ಇಳೀ’ ಅಂದ್ರಲ್ಲ, ಅಷ್ಟು ಅರ್ಜೆಂಟೇನೋ ಅಂದ್ಕೊಂಡೆ ಕಣ್ರೀ!”

ಎಲ್ಲಿ ಔಷಧಿ ಹೊಡೆಯಬೇಕೆಂದು ವಿಮಾನಕ್ಕೆ ತೋರಿಸಲು ಗದ್ದೆಯಲ್ಲಿ ಬಾವುಟ ಹಿಡಿಯುವ ಮಗನಿಗೆ ಬುತ್ತಿ ತಂದಿದ್ದ ಚಿಕ್ಕರಸಿನಕೆರೆಯ ಮುದುಕಿಯೊಬ್ಬಳು ಎಲ್ಲ ನೋಡುತ್ತಾ ನಿಂತಿದ್ದಳು. ಹತ್ತಿರ ಬಂದು ನನ್ನನ್ನು ಕೇಳಿದಳು, “ಯಾಕ್ ಸಾಮಿ, ಇವ್ರಿಬ್ರಿಗೂ ಮಾತಿಲ್ವಾ? ಎದ್ರಾಬದ್ರಾ ಬಂದ್ರು, ಮಾತಾಡುಸ್ದೆ ಒಬ್ಬ ಇನ್ನೊಬ್ಬನ ತಲೆ ಮ್ಯಾಲೇ ಓಗ್ಬುಟ್ನಲ್ಲ!”

ಕಿರಿಯರು ಪಕ್ಕನೆ ನಕ್ಕು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹಿರಿಯರು ಮುಖ ಗಂಟಿಕ್ಕಲು ನೋಡಿದರು, ಆಗಲಿಲ್ಲ. ಅವರೂ ನಕ್ಕರು.

“ನಗೋದಲ್ಲ ಕಣ್ರಪ್ಪ,” ಎಂದಳು ಮುದುಕಿ. “ದಾರೀಲಿ ಸಿಕ್ದಾಗ ‘ಉಂಡ್ರಾ’ ಅಂತ ಒಂದ್ ಮಾತ್ ಕೇಳುದ್ರೆ ನಿಮ್ಮ ಗಂಟೇನೋದದು?”

ಹಿರಿಯರು ಆ ಮಾತನ್ನು ಹಿಡಿದುಕೊಂಡುಬಿಟ್ಟರು. ಅಂದಿನಿಂದ ಒಂದು ಕಟ್ಟುಪಾಡು: ಮೇಲೆ ಯಾರು ಮೊದಲು ಇನ್ನೊಬ್ಬರನ್ನು ಕಂಡರೂ ‘ಉಂಡ್ರಾ’ ಎನ್ನಬೇಕು. ಅವರೂ ಇವರನ್ನು ಕಂಡಿದ್ದರೆ ‘ಉಂಡೆ’ ಎನ್ನಬೇಕು. ಉತ್ತರ ಬರದೆ ಯಾರೂ ಇಳಿಯುವಂತಿಲ್ಲ. ನನಗೆ ಬೇರೆ ಅಪ್ಪಣೆಯಾಯಿತು: ‘ಬೇಡ’ ಎನ್ನುವುದನ್ನು ಮೊದಲೇ ಹೇಳಿ ಮುಗಿಸಬೇಕು.

ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ದೊಡ್ಡ ಸಾಹೇಬರೊಬ್ಬರು ತನಿಖೆಗೆ ಬಂದು ಅಟ್ಟಣೆ ಹತ್ತಿದರು. ಸೆಟ್ಟಿನಲ್ಲಿ ಹಿರಿಯರ ದನಿ ಬಂತು: “ಉಂಡ್ರಾ?”

“ಉಂಡೆ. ತಮ್ದು?” ಎಂದರು ಕಿರಿಯರು.

ಸಾಹೇಬರು ಕೆಂಪಾದರು. “ಏನ್ರೀ ಇದು? ಸರ್ಕಾರಿ ವೈರ್‌ಲೆಸ್ಸಲ್ಲಿ ಊಟದ ವಿಚಾರ?”

“ಊಟ ಆಗಿದೆ ಅಂದ್ರೆ ಇಬ್ರೂ ಬದುಕ್ತಾರೆ ಅಂತ ಸಾರ್,” ಎಂದು ಇದ್ದ ವಿಷಯ ಹೇಳಿದೆ.

“ನಾನ್‌ಸೆನ್ಸ್! ಇವತ್ತಿಂದ ಇದು ಬಂದ್!” ಎಂದರು. ಅದೇ ಹೊತ್ತಿಗೆ ಮದ್ದೂರು ಕಡೆಯಿಂದ ಒಂದು, ಮಳವಳ್ಳಿ ಕಡೆಯಿಂದ ಒಂದು, ಎರಡೂ ವಿಮಾನ ತಗ್ಗಿನಲ್ಲಿ ಬರುವುದು ಕಾಣಿಸಿತು. ಸೆಟ್ಟು ಸುಮ್ಮನಿತ್ತು. ಸಾಹೇಬರು ಆ ಕಡೆ ನೋಡಿದರು, ಈ ಕಡೆ ನೋಡಿದರು, ಅಟ್ಟಣೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಅಂಗಿ ಹಿಡಿದು ಜಗ್ಗಿದರು.

“ಕೇಳ್ರೀ! ಉಂಡ್ರಾ ಅಂತ ಬೇಗ ಕೇಳ್ರೀ!”