ನಡಿಗೆ ಬಲ್ಲ ಕಾರು

ವಿದ್ಯುತ್ ಕಾರು ಮನೆ ಮುಂದೆ ಬಂದು ನಿಂತ ದಿನವೇ ಕನ್ನಡಕದಂಗಡಿಯ ಯಜಮಾನರು ಹಜಾರದ ನಟ್ಟನಡುವೆ ನಿಂತು ಒಂದು ಘೋಷಣೆ ಹೊರಡಿಸಿದರು.

"ಇವತ್ತಿಂದ ಈ ಮನೇಲಿ ಕೀಲಿಕೈ ಅನ್ನೋ ಮಾತು ಕೇಳಿಸಕೂಡದು! ಕೀಲಿಕೈ ಹುಡುಕಿ ಹುಡುಕಿ ನನ್ನ ಅರ್ಧ ಆಯುಸ್ಸು ಹೋಯ್ತು. ಇನ್ಮೇಲೆ ಕಾರೇ ನನ್ನನ್ನ ಹುಡುಕುತ್ತೆ!"

ಈ ಐತಿಹಾಸಿಕ ಭಾಷಣಕ್ಕೆ ಸಭಿಕರು ಇಬ್ಬರೇ. ಒಬ್ಬರು ಅವರ ಹೆಂಡತಿ. ಮನೆಯಲ್ಲೇ ಕೇಕು ಮಾಡಿ ಮಾರುವ ಆಕೆ ಹಿಟ್ಟು ಕಲಸುತ್ತಿದ್ದರು. ಇನ್ನೊಬ್ಬ ಭಾಮೈದ. ಅಕ್ಕ ಕಲಸಿಟ್ಟ ಪಾತ್ರೆಗಳ ಅಂಚು ಬಳಿದು ನೆಕ್ಕುವುದು ಅವನ ಪಾಲಿನ ಕೆಲಸ.

"ಮತ್ತೆ ಬೀಗ ಯಾರು ತೆಗೀತಾರೆ ಭಾವ?"

"ಯಾರೂ ತೆಗೆಯಲ್ಲ. ಫೋನು ಜೇಬಲ್ಲಿಟ್ಕೊಂಡು ಹತ್ತಿರ ಹೋದ್ರೆ ತಾನೇ ತೆಗ್ಕೊಳ್ಳುತ್ತೆ. ದೂರ ಬಂದ್ರೆ ತಾನೇ ಹಾಕ್ಕೊಳ್ಳುತ್ತೆ. ಇದಕ್ಕೆ ವಿಜ್ಞಾನ ಅಂತಾರೆ!"

ಫೋನು ಕೈಕೊಟ್ಟರೆ ಇರಲಿ ಎಂದು ಷೋರೂಮಿನವರು ಒಂದು ಕಾರ್ಡನ್ನೂ ಕೊಟ್ಟಿದ್ದರು. ಅದನ್ನು ಬಾಗಿಲ ಪಕ್ಕದ ಪಟ್ಟಿಗೆ ತಾಗಿಸಿದರೂ ಬೀಗ ತೆರೆಯುತ್ತಿತ್ತು. ಯಜಮಾನರು ಸತ್ತ ಜಿರಳೆಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಅದನ್ನೆತ್ತಿ ಹೆಂಡತಿಯ ಮುಂದೆ ಹಿಡಿದರು.

"ಇದು ಫೋನ್ ಬಳಸೋಕೆ ಬಾರದವರಿಗೆ. ನೀನೇ ಇಟ್ಕೋ."

ಆಕೆ ಕಾರ್ಡನ್ನು ತಿರುಗಿಸಿ ನೋಡಿ, ಅಂಚಿನ ಮೇಲೆ ಬೆರಳಾಡಿಸಿ, "ಅಂಚು ಚೆನ್ನಾಗಿದೆ" ಎಂದರು. ಅಂದಿನಿಂದ ಅದು ಕೇಕಿನ ಸಾಮಾನಿನ ಡಬ್ಬಿ ಸೇರಿತು. ಕೇಕಿನ ಮೈಗೆ ಕ್ರೀಮನ್ನು ನಯವಾಗಿ ಸವರಲು ಅದಕ್ಕಿಂತ ಒಳ್ಳೆಯ ಸಲಕರಣೆ ಅವರಿಗೆ ಸಿಕ್ಕಿರಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ, ಕಾರು ಅಂಗಡಿಯ ಮುಂದೆ. ಇನ್ನು ಕೇಳಬೇಕೇ? ಕಣ್ಣು ಪರೀಕ್ಷೆಗೆ ಬಂದವರಿಗೆ ಅಕ್ಷರ ಕಂಡರೂ ಕಾಣದಿದ್ದರೂ ಕಾರು ಮಾತ್ರ ಕಾಣಲೇಬೇಕಿತ್ತು! ಯಜಮಾನರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎದೆ ಮುಂದೆ ಮಾಡಿ, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹೋಗುವರು. ಕಾರು ದೀಪ ಮಿಟುಕಿಸಿ, ಮಡಚಿಕೊಂಡಿದ್ದ ಕನ್ನಡಿಗಳನ್ನು ಕಿವಿಯಂತೆ ಬಿಚ್ಚಿ, ಬಾಗಿಲ ಹಿಡಿಯನ್ನು ಹೊರಗೆ ಚಾಚುವುದು.

"ನೋಡಿದ್ರಾ? ಫೋನು ಬರೀ ನೆಪ. ಅದು ಗುರುತು ಹಿಡಿಯೋದು ನನ್ನ ನಡಿಗೇನ!"

ಹೀಗೆ ಹೇಳಿ ಹೇಳಿ ಅವರಿಗೇ ಅದು ನಿಜವಾಯಿತು. ಚಪ್ಪಲಿ ಎಳೆದುಕೊಂಡು ಓಡಾಡುತ್ತಿದ್ದ ಮನುಷ್ಯ ಹಾಲು ತರಲು ಹೋಗುವಾಗಲೂ ಪಟ್ಟಾಭಿಷೇಕಕ್ಕೆ ಹೊರಟವರಂತೆ ನಡೆಯತೊಡಗಿದರು. ನಡುವೆ ಒಂದು ದಿನ, ಹೆಂಡತಿ ತವರಿಗೆ ಹೋಗಿದ್ದಾಗ, ಕಾರು ಮಿಸುಕಲೇ ಇಲ್ಲ. "ಪಾಪ, ಅದಕ್ಕೂ ಒಂದು ರಜೆ ಬೇಡ್ವಾ?" ಎಂದು ಯಜಮಾನರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಟ್ಟರು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಮೂರು ಅಂತಸ್ತಿನ ಕೇಕು ಬೇಕೆಂದು ಹೆಂಡತಿಗೆ ಕರೆ ಬಂತು. ಅಷ್ಟು ದೊಡ್ಡ ಕೆಲಸ ಆಕೆಗೆ ಅದೇ ಮೊದಲು. ಇದೊಂದು ಸರಿಹೋದರೆ ನಾಲ್ಕು ಜನರ ಬಾಯಲ್ಲಿ ಹೆಸರು ಬರುತ್ತದೆ, ಆಮೇಲೆ ಸ್ವಂತ ಬೇಕರಿ ಇಡಬಹುದು ಎಂಬುದು ಎಷ್ಟೋ ವರ್ಷದ ಆಸೆ. ಊಟ ನಿದ್ದೆ ಬಿಟ್ಟು ಕೇಕು ಕಟ್ಟಿದರು. ಬಿಳಿ ಕ್ರೀಮು, ಸುತ್ತ ನೀಲಿ ಹೂವು, ತುದಿಯಲ್ಲಿ ಸಕ್ಕರೆಯ ಪುಟ್ಟ ಶಾಲೆ. ನೋಡಿದರೆ ಕತ್ತರಿಸಲು ಮನಸ್ಸೇ ಬಾರದು!

ಹೊರಡುವ ದಿನ ಬೆಳಿಗ್ಗೆ ಆಕೆ ತಾವೇ ಕೇಕನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ಸಾಮಾನಿನ ಡಬ್ಬಿ ತೆರೆದಿಟ್ಟು, ಒಳಗೆ ಬಗ್ಗಿ ಎಲ್ಲ ಸರಿಮಾಡುತ್ತಿದ್ದರು. ಯಜಮಾನರು ಅಷ್ಟರಲ್ಲೇ ಕಾರು ಚಾಲೂ ಮಾಡಿಬಿಟ್ಟರು.

"ಸ್ವಲ್ಪ ತಡೀರಿ, ಸಣ್ಣ ಕೇಕು ಇನ್ನೂ ಓವನ್‌ನಲ್ಲಿದೆ. ಅದಾದ ತಕ್ಷಣ ನಾನೂ ಬರ್ತೀನಿ."

"ನೀನ್ಯಾಕೆ? ತಮ್ಮನ ಸ್ಕೂಟರಲ್ಲಿ ನಿಧಾನಕ್ಕೆ ಬಾ. ಇದನ್ನ ಮುಟ್ಟಿಸೋ ಜವಾಬ್ದಾರಿ ನಂದು!"

"ರೀ, ಕಾರಿನ ವಿಷಯ ಒಂದು ಮಾತು ಹೇಳೋದಿತ್ತು..."

"ಕಾರಿನ ವಿಷಯ ನಂಗೆ ಹೇಳ್ತೀಯಾ?"

ಮಾತು ಮುಗಿಯುವ ಮೊದಲೇ ಕಾರು ಬೀದಿಯ ತಿರುವು ದಾಟಿತ್ತು.

ಯಜಮಾನರು ಮೊಟ್ಟೆಯ ಮೇಲೆ ಕೂತವರಂತೆ ಕಾರು ನಡೆಸಿ, ಕ್ರೀಮಿನ ಒಂದು ಹೂವೂ ಅಲುಗದಂತೆ ಶಾಲೆಯ ಅಂಗಳಕ್ಕೆ ಬಂದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಹೆಡ್‌ಮಿಸ್ ಬಾಗಿಲಲ್ಲೇ ಕಾದಿದ್ದರು. ಅವರನ್ನು ಮಾತಾಡಿಸಲು ಯಜಮಾನರು ಇಳಿದು ಬಾಗಿಲು ಹಾಕಿದರು. ಟಕ್! ಕನ್ನಡಿಗಳು ಮಡಚಿಕೊಂಡವು.

"ನೋಡಿದ್ರಾ ಮೇಡಂ, ಇಳಿದ ಕೂಡಲೇ ತಾನೇ ಬೀಗ ಹಾಕ್ಕೊಳ್ತು!"

"ತುಂಬಾ ಚೆನ್ನಾಗಿದೆ. ಈಗ ತೆಗೀರಿ, ಕೇಕು ಒಳಗೆ ಹೋಗ್ಲಿ."

ಯಜಮಾನರು ಎರಡು ಹೆಜ್ಜೆ ಹಿಂದೆ ಹೋಗಿ ಎರಡು ಹೆಜ್ಜೆ ಮುಂದೆ ಬಂದರು. ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಫೋನು ತೆಗೆದು ಗಾಜಿಗೆ ಹಿಡಿದರು. ಬಾಗಿಲಿಗೆ ಹಿಡಿದರು. ಚಕ್ರಕ್ಕೂ ಹಿಡಿದರು! ಕಾರ್ಡಿನ ನೆನಪಾಗಿ ಒಳಗೆ ಇಣುಕಿದರೆ, ಅದು ಡಬ್ಬಿಯಲ್ಲಿ ಮೈತುಂಬ ಕ್ರೀಮು ಬಳಿದುಕೊಂಡು ಆರಾಮವಾಗಿ ಮಲಗಿತ್ತು.

ಅದರ ಪಕ್ಕದಲ್ಲೇ ಇನ್ನೊಂದು ಕಾಣಿಸಿತು. ಸಕ್ಕರೆಯ ಶಾಲೆ ಸ್ವಲ್ಪ ಎಡಕ್ಕೆ ವಾಲಿತ್ತು.

ಯಜಮಾನರು ಗಾಜಿಗೆ ಮೂಗು ಒತ್ತಿ ನೋಡಿದರು. ಕಾರು ಹೋದರೆ ಹೋಗಲಿ, ಅವಳ ಕೇಕು! ಇಷ್ಟು ದಿನ ಅವಳು ಸೊಂಟ ಹಿಡಿದುಕೊಂಡು ನಿಂತು ಮಾಡಿದ್ದನ್ನು ತಾನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೇಯಿಸುತ್ತಿದ್ದೇನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಮರ್ಯಾದೆ ನುಂಗಿಕೊಂಡು ಫೋನು ಮಾಡಿದರು.

"ಇವಳೇ, ಏನಿಲ್ಲ... ಕಾರಿಗೆ ಸ್ವಲ್ಪ ಮುನಿಸು. ಬಾಗಿಲು ತೆಗೀತಿಲ್ಲ."

ಆ ಕಡೆ ಓವನ್ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಕೇಕು ಒಳಗಿದೆಯಾ?"

"ಹೂಂ."

"ಗಾಜು ಗೀಜು ಒಡೀಬೇಡಿ. ನಾನು ಹೊರಟೆ."

"ನೀನು ಬಂದು ಏನು ಮಾಡ್ತೀಯಾ? ಅದಕ್ಕೆ ನನ್ನ ನಡಿಗೆ..."

ಫೋನು ಕಟ್ಟಾಗಿತ್ತು.

ಅಷ್ಟರಲ್ಲಿ ಅಂಗಳದ ತುಂಬ ಮಕ್ಕಳು ನೆರೆದಿದ್ದರು. ಅವರನ್ನೆಲ್ಲ ಹಿಂದಕ್ಕೆ ಸರಿಸಿ ಯಜಮಾನರು ಹೆಡ್‌ಮಿಸ್‌ಗೆ ವಿವರಿಸಿದರು. "ತಪ್ಪು ನಂದೇ ಮೇಡಂ. ಗಾಬರೀಲಿ ನನ್ನ ನಡಿಗೆ ಬದಲಾಗಿದೆ. ಅದಕ್ಕೆ ಗುರುತು ಸಿಗ್ತಿಲ್ಲ."

ಕೊಡೆ ತರಿಸಿ ಕೇಕಿನ ಕಡೆಯ ಗಾಜಿಗೆ ನೆರಳು ಹಿಡಿಸಿದರು. ತಾವು ಗೇಟಿನ ತನಕ ಹೋಗಿ, ಕಣ್ಣು ಮುಚ್ಚಿ ಉಸಿರೆಳೆದು, ಎದೆ ಉಬ್ಬಿಸಿ ನಡೆದು ಬಂದರು. ಇಲ್ಲ. ಕುತ್ತಿಗೆ ಇನ್ನಷ್ಟು ನೆಟ್ಟಗೆ ಮಾಡಿ ಬಂದರು. ಇಲ್ಲ. ಚಪ್ಪಲಿ ಬಿಟ್ಟು ಬಂದರು. ಅಂಗಾಲು ಸುಟ್ಟಿತೇ ಹೊರತು ಬಾಗಿಲು ತೆರೆಯಲಿಲ್ಲ! ಮಕ್ಕಳು ಆಗಲೇ ಹಿಂದೆ ಸಾಲಾಗಿ ನಿಂತು ಅದೇ ನಡಿಗೆ ಅಭ್ಯಾಸ ಮಾಡುತ್ತಿದ್ದರು.

ಮತ್ತೊಮ್ಮೆ, ಇದೇ ಕೊನೆ ಎಂದುಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಯಜಮಾನರು ಹೊರಟರು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ದೀಪ ಮಿಟುಕಿತು! ಕನ್ನಡಿ ಬಿಚ್ಚಿಕೊಂಡವು! ಬಾಗಿಲ ಹಿಡಿ ಹೊರಗೆ ಬಂತು!

"ನೋಡಿದ್ರಾ!" ಎಂದು ಯಜಮಾನರು ಎರಡೂ ಕೈ ಎತ್ತಿ ಕೂಗಿದರು. ಮಕ್ಕಳು ಕುಣಿದಾಡಿ ಚಪ್ಪಾಳೆ ತಟ್ಟಿದರು. ಗೆದ್ದ ಪೈಲ್ವಾನನಂತೆ ಯಜಮಾನರು ಹಿಂದೆ ತಿರುಗಿದರೆ, ಗೇಟಿನೊಳಗೆ ಬಂದ ಸ್ಕೂಟರಿನಿಂದ ಹೆಂಡತಿ ಇಳಿದು ಓಡಿ ಬರುತ್ತಿದ್ದರು. ಕೈಯಲ್ಲಿ ಫೋನಿತ್ತು.

ಆಕೆ ನೇರ ಕಾರಿನ ಬಳಿ ಹೋದರು. ಬಾಗಿಲು ತೆಗೆದು, ವಾಲಿದ ಸಕ್ಕರೆಯ ಶಾಲೆಯನ್ನು ನೆಟ್ಟಗೆ ಮಾಡಿ, ಡಬ್ಬಿಯಿಂದ ಆ ಕಾರ್ಡನ್ನೇ ಎತ್ತಿ ಜಾರಿದ ಕ್ರೀಮನ್ನು ಸವರಿ, ಹೂವೊಂದನ್ನು ಮೇಲಕ್ಕೆ ಸರಿಸಿದರು. ಕೇಕು ಒಳಗೆ ಹೋಯಿತು. "ಮುಂದಿನ ವರ್ಷವೂ ನೀವೇ ಮಾಡಿ" ಎಂಬ ಮಾತು ಹೆಡ್‌ಮಿಸ್ ಬಾಯಿಂದ ಬಂದಾಗಲೇ ಆಕೆ ಹಣೆಯ ಬೆವರು ಒರೆಸಿಕೊಂಡಿದ್ದು.

ಆಮೇಲೆ ಮರದ ನೆರಳಲ್ಲಿ ಭಾಮೈದ ಮೆಲ್ಲಗೆ ಬಾಯಿಬಿಟ್ಟ. "ಭಾವ, ಕಾರಿಗೆ ಜೋಡಿಸಿರೋದು ಅಕ್ಕನ ಫೋನು."

"ಏನಂದೆ?"

"ಕಾರು ತಂದ ದಿನ ನೀವು ಅದರ ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಿದ್ರಿ" ಎಂದು ಹೆಂಡತಿ ಮುಂದುವರಿಸಿದರು. "ಷೋರೂಮಿನವರು ಫೋನ್ ಕೊಡಿ ಅಂದ್ರು. ನಿಮ್ಮದು ಫೋಟೋದವರ ಕೈಲಿತ್ತು. ನಂದು ಕೊಟ್ಟೆ. ಬೆಳಿಗ್ಗೆ ನಾನು ಪಕ್ಕದಲ್ಲಿದ್ದೆ, ಅದಕ್ಕೇ ಚಾಲೂ ಆಯ್ತು; ಒಮ್ಮೆ ಚಾಲೂ ಆದ್ರೆ ಇಳಿಯೋ ತನಕ ಓಡುತ್ತೆ."

"ಹೇಳ್ಬಾರದಾಗಿತ್ತಾ?"

"ಹೇಳೋಣ ಅಂತಾನೇ ಕೆಳಗೆ ಬಂದೆ. ಅಷ್ಟರಲ್ಲಿ ನೀವು ಯಾರಿಗೋ ನಡಿಗೆಯ ಕಥೆ ಹೇಳ್ತಿದ್ರಿ. ಮುಖ ಎಷ್ಟು ಅರಳಿತ್ತು ಗೊತ್ತಾ? ಹೇಳೋಕೆ ಮನಸ್ಸೇ ಬರ್ಲಿಲ್ಲ."

ಯಜಮಾನರಿಗೆ ಒಂದೊಂದೇ ನೆನಪಾಯಿತು. ಗಿರಾಕಿಗೆ ಕಾರು ತೋರಿಸುವಾಗಲೆಲ್ಲ ಹೆಂಡತಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಇಳಿದು ಬಂದು ಮೆಟ್ಟಿಲ ಬಳಿ ನಿಲ್ಲುತ್ತಿದ್ದರು. ತನ್ನನ್ನು ನೋಡಲು ಎಂದುಕೊಂಡು ಅವರು ಇನ್ನೂ ಸ್ವಲ್ಪ ಎದೆ ಉಬ್ಬಿಸುತ್ತಿದ್ದರು!

"ಹಾಗಾದ್ರೆ ದಿನಾ ನೀನು ಮೆಟ್ಟಿಲ ಹತ್ರ ಬಂದು ನಿಲ್ತಿದ್ದಿದ್ದು..."

"ಮತ್ತಿನ್ನೇನು, ನಿಮ್ಮ ನಡಿಗೆ ನೋಡೋಕಾ?"

ಭಾಮೈದ ನಗು ತಡೆಯಲಾರದೆ ಮರದ ಹಿಂದೆ ಹೋದ. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ತನಗೆ ಬೆನ್ನ ಹಿಂದೆ ನಿಂತ ಹೆಂಡತಿ ಕಂಡಿರಲಿಲ್ಲ. ನಾಚಿಕೆಯೂ ಆಯಿತು, ಏನೋ ಒಂದು ಬಗೆಯ ಸಂತೋಷವೂ ಆಯಿತು.

ಆಗ ಹೆಡ್‌ಮಿಸ್ ಹೊರಗೆ ಬಂದರು. ಹಿಂದೆ ಮಕ್ಕಳ ದಂಡು.

"ಹೊರಡೋ ಮುಂಚೆ ಒಂದು ಕೋರಿಕೆ. ನಿಮ್ಮ ಕಾರು ನಡಿಗೆ ಗುರುತು ಹಿಡಿಯೋದನ್ನ ಒಳಗಿದ್ದ ಮಕ್ಕಳು ನೋಡಿಲ್ಲ. ಇನ್ನೊಂದು ಸಲ ತೋರಿಸ್ತೀರಾ?"

ನೂರಾರು ಕಣ್ಣು ಯಜಮಾನರ ಕಾಲನ್ನೇ ನೋಡುತ್ತಿದ್ದವು. ಅವರು ಗಂಟಲು ಸರಿಮಾಡಿಕೊಂಡರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು. ಎದೆ ಮಾತ್ರ ಉಬ್ಬಲಿಲ್ಲ. ಆಮೇಲೆ ಹೆಂಡತಿಯ ಕಡೆ ವಾಲಿ, ಇನ್ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದರು.

"ಇವಳೇ... ಸ್ವಲ್ಪ ನನ್ನ ಹಿಂದೇನೇ ಬರ್ತೀಯಾ?"