ಇ-ಮೇಲಿನ ಮನೆ ನೋಡಲು ಹೋದ ಮಾವ

ನಮ್ಮ ಸೋದರಮಾವ ಜಗತ್ತಿನಲ್ಲಿ ಯಾರನ್ನೂ ನಂಬುವುದಿಲ್ಲ ಎಂದರೆ ಸುಳ್ಳಾಗುತ್ತದೆ. ತಿಕೋಟಾ ಪೇಟೆಯ ಅಂಗಡಿಯೊಂದರ ಗೋಡೆ ಗಡಿಯಾರವನ್ನು ಅವನು ಪೂರ್ತಿ ನಂಬುತ್ತಾನೆ. ಅದು ನಿಂತು ಎಷ್ಟೋ ಕಾಲವಾಗಿದೆ. ಇನ್ನು ಮೋಸ ಮಾಡುವ ತಾಕತ್ತು ಅದಕ್ಕೆಲ್ಲಿಂದ ಬರಬೇಕು!

ಮಾವನದು ಒಣದ್ರಾಕ್ಷಿ ವ್ಯಾಪಾರ. ಡಬ್ಬ ಕಂಡರೆ ಮೇಲಿನ ಹಣ್ಣನ್ನು ಮುಟ್ಟುವವನಲ್ಲ, ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನೇ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ಮದುವೆಮನೆಯ ಬೂಂದಿ ಬುಟ್ಟಿಗೂ ಇದೇ ನ್ಯಾಯ. ಅವತ್ತು ನಾನು ಅವನ ಗುರುತೇ ಇಲ್ಲದವನ ಹಾಗೆ ಬೇರೆ ಪಂಕ್ತಿಯಲ್ಲಿ ಕೂತಿದ್ದೆ.

ಹೆಣ್ಣು ಕೊಡುವ ಮನೆ ನೋಡುವುದರಲ್ಲಂತೂ ಅವನು ಪರಿಣತ. ಹೇಳದೆ ಕೇಳದೆ ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಹಾಜರಾಗಿ, ‘ಹಿಂಗ ಈ ಕಡೆ ಬಂದಿದ್ದೆ’ ಎನ್ನುತ್ತಾನೆ. ನೀರು ಕೊಡುವ ಮೊದಲೇ ಕೊಟ್ಟಿಗೆಗೆ ನುಗ್ಗುತ್ತಾನೆ. ನಮ್ಮ ಅಕ್ಕನಿಗೆ ಬಬಲೇಶ್ವರದ ವರನನ್ನು ನೋಡಲು ಹೋದಾಗ, ವರನನ್ನು ಬಿಟ್ಟು ಎತ್ತಿನ ಪಕ್ಕೆಲುಬು ಸವರಿ ಬಂದ.

“ಎತ್ತಿಗೆ ಹೊಟ್ಟಿ ತುಂಬ ಹಾಕದವ್ರು ಸೊಸಿಗೇನ್ ಹಾಕ್ತಾರ? ಬ್ಯಾಡ ಬಿಡ್ರಿ.”

ಸಂಬಂಧ ಮುರಿಯಿತು. ಆ ಎತ್ತು ಪಕ್ಕದ ಮನೆಯದು ಎಂದು ಆಮೇಲೆ ತಿಳಿಯಿತು!

ಇಂಥವನ ಸ್ವಂತ ಮಗಳು ಶೈಲಕ್ಕ ಮಾತ್ರ ಮನೆ ನೋಡುವ ಅವಕಾಶವನ್ನೇ ಕೊಡಲಿಲ್ಲ. ತಾನೇ ಮೆಚ್ಚಿದವನನ್ನು ಮದುವೆಯಾಗಿ ವಿಜಯಪುರದಲ್ಲಿ ಸಂಸಾರ ಹೂಡಿದಳು. ‘ಕೊಟ್ಟಿಗಿ ನೋಡಲಾರದ ಮನಿಗೆ ನಾ ಕಾಲಿಡಂಗಿಲ್ಲ’ ಎಂದು ಮಾವ ಶಪಥ ಮಾಡಿದ. ವಿಜಯಪುರದ ಬಾಡಿಗೆ ಮನೆಯಲ್ಲಿ ಕೊಟ್ಟಿಗೆ ಎಲ್ಲಿಂದ ತರುವುದು? ಮಾತು ನಿಂತಿತು. ಬಸ್ಸಿನಲ್ಲಿ ಒಂದು ನಿದ್ದೆ ಮುಗಿಯುವಷ್ಟು ದೂರದ ಊರು ಅಮೆರಿಕಕ್ಕಿಂತ ಆಚೆ ಹೋಯಿತು.

ಉಳಿದದ್ದು ಒಂದು ಇ-ಮೇಲ್. ಕಾಲೇಜಿಗೆ ಹೋಗುವಾಗ ಶೈಲಕ್ಕನೇ ಅಪ್ಪನಿಗೆ ‘ತಿಕೋಟಾದ ಹುಲಿ’ ಎಂಬ ಹೆಸರಿನಲ್ಲಿ ತೆರೆದುಕೊಟ್ಟದ್ದು. ತಿಂಗಳಿಗೊಮ್ಮೆ ಅದಕ್ಕೆ ಅವಳಿಂದ ಒಂದೇ ಸಾಲು ಬರುತ್ತಿತ್ತು: ‘ಅಪ್ಪಾ, ಬಿಪಿ ಗುಳಿಗಿ ತೊಗೊಂಡ್ಯಾ?’ ಹುಲಿ ಓದುತ್ತಿತ್ತು, ಗುಳಿಗೆ ನುಂಗುತ್ತಿತ್ತು, ಉತ್ತರ ಮಾತ್ರ ಬರೆಯುತ್ತಿರಲಿಲ್ಲ.

ಹೀಗಿರುವಾಗ ಆ ಇ-ಮೇಲಿನವರು, ಈ ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ, ಬೇರೆ ಕಡೆ ಪ್ರೈಮರಿ ಇ-ಮೇಲ್, ಅಂದರೆ ಮುಖ್ಯ ವಿಳಾಸ, ಮಾಡಿಕೊಳ್ಳಿ ಎಂದು ತಿಳಿಸಿದರು. ಮಾವ ನನ್ನನ್ನು ಕರೆಸಿದ. ನಮ್ಮ ಮನೆತನದಲ್ಲಿ ನಾನೇ ಕಂಪ್ಯೂಟರ್ ತಜ್ಞ. ಬಿ.ಕಾಂ. ಇನ್ನೂ ಪಾಸಾಗಿಲ್ಲ, ಆದರೆ ಒಮ್ಮೆ ಅತ್ತೆಯ ಮೊಬೈಲನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿ ರಿಪೇರಿ ಮಾಡಿದ್ದೆ. ಅಂದಿನಿಂದ ಈ ಪದವಿ!

“ಗಟ್ಟಿ ಕುಳಾನ ಹುಡುಕಲೇ. ಬಂದವರು ಬಾಗಲ ಮುಚ್ಚೇತಿ ಅಂತ ಹೊಳ್ಳಿ ಹೋಗಬಾರ್ದು” ಎಂದ.

ಮೊದಲು ಎಲ್ಲರೂ ಬಳಸುವ ದೊಡ್ಡ ಕಂಪನಿಯನ್ನು ತೋರಿಸಿದೆ. ಪುಕ್ಕಟೆ ಎಂದೆ. ಅಲ್ಲೇ ಕೆಟ್ಟಿತು. ಪುಕ್ಕಟೆ ಉಣ್ಣಲು ಕರೆದವನು ನಮ್ಮನ್ನು ಯಾರಿಗೆ ಮಾರುತ್ತಾನೆ ಎಂದು ಕೇಳಿದ. ಹಾಗೇನಿಲ್ಲ, ಜಾಹೀರಾತು ಅಷ್ಟೇ ಎನ್ನಲು ಹೋಗಿ, ಅದೂ ಅದೇ ಅಲ್ಲವೇ ಎಂದು ನನಗೇ ಅನುಮಾನ ಬಂದು ಮುಂದಿನ ಕಂಪನಿ ತೆರೆದೆ.

ಇನ್ನೊಬ್ಬರದು ಭಾರೀ ಗುಟ್ಟಿನ ಕಂಪನಿ. ನಿಮ್ಮ ಪತ್ರಗಳನ್ನು ನಾವೂ ಓದಲಾರೆವು, ಪಾಸ್‌ವರ್ಡ್ ಮರೆತರೆ ನಾವೂ ತೆರೆಯಲಾರೆವು ಎಂದು ಹೆಮ್ಮೆಯಿಂದ ಬರೆದುಕೊಂಡಿದ್ದರು. ಸ್ವಂತ ಗೋದಾಮಿನ ಚಾವಿ ಇಲ್ಲದವನು ಎಂಥ ಮಾಲೀಕ ಎಂದು ಮಾವ ಅವರನ್ನೂ ಓಡಿಸಿದ. ಅಷ್ಟರಲ್ಲಿ ನಾನು ಅಲ್ಲಿ ಖಾತೆ ತೆರೆದು, ಪಾಸ್‌ವರ್ಡ್ ಮರೆತೂ ಆಗಿತ್ತು.

ಮೂರನೆಯವರು, ನೀವು ಯಂತ್ರವಲ್ಲ, ಮನುಷ್ಯರೇ ಎಂದು ಸಾಬೀತು ಮಾಡಿ, ಚಿತ್ರಗಳಲ್ಲಿ ಬಸ್ಸುಗಳನ್ನು ಗುರುತಿಸಿ ಎಂದರು. ಮಾವ ಒಂದು ಜೀಪಿನ ಮೇಲೂ ಬೆರಳಿಟ್ಟ. ಅದು ಜೀಪು ಎಂದೆ. “ಕನಮಡಿ ರೋಡಿನ್ಯಾಗ ಇದರಾಗ ಇಪ್ಪತ್ತು ಮಂದಿ ಹತ್ತತಾರ, ಬಸ್ಸಲ್ದ ಏನಿದು?” ಎಂದು ಗದರಿದ. ನಮ್ಮ ಮಾವ ಮನುಷ್ಯನಲ್ಲ ಎಂದು ಕಂಪ್ಯೂಟರ್ ತೀರ್ಪು ಕೊಟ್ಟಿತು. ಅತ್ತೆ ಇದನ್ನು ಮದುವೆಯಾದ ವಾರದಲ್ಲೇ ಹೇಳಿದ್ದಳಂತೆ.

ಕೊನೆಗೆ ಮಾವ ತನ್ನ ಹಳೆಯ ಅಸ್ತ್ರ ತೆಗೆದ. ಎಲ್ಲ ಕಂಪನಿಗಳ ಗ್ರಾಹಕ ಸೇವೆಗೂ ಸರಿಯಾಗಿ ಮಧ್ಯಾಹ್ನ ನನ್ನ ಕೈಯಿಂದ ಒಂದೇ ಪತ್ರ ಬರೆಸಿದ: ‘ಹೀಗೇ ಈ ಕಡೆ ಬಂದಿದ್ದೆ. ಊಟ ಆಯಿತೇ?’ ಕಳಿಸುವಾಗ ನಾಚಿಕೆಯಿಂದ ನನ್ನ ಕಿವಿಗಳು ಸುಡುತ್ತಿದ್ದವು.

ದೊಡ್ಡವರಿಂದ ತಕ್ಷಣ ಬಂತು: ‘ಈ ಪತ್ರಕ್ಕೆ ಉತ್ತರಿಸಬೇಡಿ.’ ಮಾತಾಡಬೇಡ ಎಂದು ಹೇಳಲು ಪತ್ರ ಬರೆಯುವವನನ್ನು ಮಾವ ಮೊದಲ ಸಲ ನೋಡಿದ್ದ. ಮರುದಿನ, ವರ್ಷಕ್ಕಿಷ್ಟು ಎಂದು ಹಣ ಕೇಳುವ ಸಣ್ಣ ಕಂಪನಿಯೊಂದರಿಂದ ಉತ್ತರ ಬಂತು: ‘ಇನ್ನೂ ಇಲ್ಲ ಸರ್, ಡಬ್ಬಿ ಮುಂದೆಯೇ ಇದೆ. ನಿಮ್ಮದಾಯಿತೇ? ಏನು ಸಹಾಯ ಬೇಕು?’

ಮಾವನ ಮುಖ ಅರಳಿತು. “ಇವ್ರ ಮನ್ಯಾಗ ಮಂದಿ ಅದಾರಲೇ!” ಎಂದ. ಖಾತೆ ತೆರೆದಾಯಿತು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿಸಿದ: ಹಳೆಯ ವಿಳಾಸಕ್ಕೆ ಯಾರಾದರೂ ಬರೆದರೆ ಇಲ್ಲಿಗೆ ಬರುತ್ತದೆಯೇ? ಇಲ್ಲ ಸರ್, ಅಂಥ ವಿಳಾಸವೇ ಇಲ್ಲ ಎಂದು ಅವರಿಗೇ ವಾಪಸ್ ಹೋಗುತ್ತದೆ, ಬೇಕಾದವರಿಗೆ ಮುಂಚೆಯೇ ತಿಳಿಸಿಬಿಡಿ ಎಂದರು.

ಬ್ಯಾಂಕಿನವರಿಗೆ, ಔಷಧದ ಅಂಗಡಿಗೆ, ಹಾಸಿಗೆ ಮಾರುವವರಿಗೆ ಎಲ್ಲರಿಗೂ ತಿಳಿಸುತ್ತೇನೆ ಎಂದೆ. ಮಾವ ಬೇಡವೆಂದು ತಲೆಯಾಡಿಸಿದ.

“ಅವ್ರೆಲ್ಲ ಹುಡಿಕ್ಕೊಂಡು ಬರ್ತಾರ. ಒಬ್ಬಾಕಿಗೆ ಹೇಳಿದ್ರ ಸಾಕು.”

ನಾನೋ, ಬಾಯಿ ಮುಚ್ಚದ ಪ್ರಾಣಿ. “ಇಷ್ಟ್ಯಾಕ ಮಾವ? ಬಸ್ ಹತ್ತು. ಮಧ್ಯಾಹ್ನ ಹೇಳದ ಹೋಗು, ನಿನಗ ರೂಢಿ ಐತೆಲ್ಲ.”

ಮಾವ ನಗಲಿಲ್ಲ. “ಹೇಳದ ಹೋದ್ರ, ಅಪ್ಪ ಮನಿ ಪರೀಕ್ಷಾ ಮಾಡಾಕ ಬಂದಾನ ಅಂತ ತಿಳ್ಕೊಂತಾಳಲೇ.”

ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು, ಒಂದೇ ಬೆರಳಿನಲ್ಲಿ ತಾನೇ ಕುಟ್ಟಿದ: ‘ಗುಳಿಗಿ ತೊಗೊಂಡೇನಿ. ಹೊಸಾ ವಿಳಾಸ ಇದು. ನಿಮ್ಮ ಮನಿಗೆ ಯಾವಾಗ ಬರ್ಲಿ?’

ಚಹಾ ಆರುವ ಮೊದಲೇ ಉತ್ತರ ಬಂತು: ‘ಕೊಟ್ಟಿಗಿ ಇಲ್ಲಪ್ಪಾ, ಸ್ಕೂಟರ್ ಐತಿ, ಅದರ ಪಕ್ಕಿಲವು ಮುಟ್ಟಿ ನೋಡುವಂತಿ. ಹೇಳಬ್ಯಾಡ, ಹಂಗ ಬಾ.’

ಮರುದಿನ ಮಧ್ಯಾಹ್ನ ಒಂದು ಡಬ್ಬ ಒಣದ್ರಾಕ್ಷಿ ಹೊತ್ತು ಮಾವನ ಜೊತೆ ನಾನೂ ಹೋದೆ. ಊರವರ ಮನೆಗೆಲ್ಲ ನುಗ್ಗುವ ಮಾವ ಅಲ್ಲಿ ಹೊಸ್ತಿಲಾಚೆಯೇ ನಿಂತುಬಿಟ್ಟ. ಸ್ಕೂಟರನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬಾಗಿಲು ತೆರೆದ ಶೈಲಕ್ಕನ ಮುಂದೆ ಅವನಿಗೆ ಹೊಳೆದದ್ದು ಅದೊಂದೇ ಮಾತು.

“ಊಟ ಆತೇನವಾ?”

“ಇನ್ನಾ ಇಲ್ಲಪ್ಪಾ,” ಎಂದಳು ಶೈಲಕ್ಕ, “ನಿನ್ನ ದಾರೀನ ಕಾಯಾಕತ್ತಿದ್ವಿ.”