ಬುದ್ಧಿಯನ್ನು ಚೌಕಾಸಿ ಮಾಡಿ ಇಳಿಸಿಕೊಂಡದ್ದು

ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವನು ರಾಯದುರ್ಗದಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ ಬೇರೆ ಇದೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಬಸ್ಸಿನ ಟಾಪಿನ ಮೇಲೆ ಜೀನ್ಸ್ ಪ್ಯಾಂಟಿನ ಗಂಟು ಹಾಕಿಕೊಂಡು ಬಳ್ಳಾರಿಗೆ ಓಡಾಡುತ್ತಿದ್ದ ನಾನು, ಇವತ್ತು ಮನೆಯ ಮುಂದಿನ ಶೆಡ್ಡಿನಲ್ಲಿ ಹತ್ತು ಹೊಲಿಗೆ ಮಷಿನ್ ಓಡಿಸುತ್ತಿದ್ದೇನೆ. ದಾರವಾಗಲಿ, ಜಿಪ್ಪಾಗಲಿ, ಗುಂಡಿಯಾಗಲಿ, ಹೇಳಿದ ಬೆಲೆಗೆ ತಂದವನಲ್ಲ. ನಿಮಗೂ ಉಪಯೋಗವಾಗಲಿ ಎಂದು ವಿಧಾನ ಹೇಳುತ್ತೇನೆ. ಮೊದಲ ಬೆಲೆ ಕೇಳಿದ ಕೂಡಲೇ ಎದ್ದು ನಿಲ್ಲಬೇಕು. ಎರಡನೆಯದಕ್ಕೆ ಚಪ್ಪಲಿ ಹಾಕಿಕೊಳ್ಳಬೇಕು. ಮೂರನೆಯ ಬೆಲೆ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಅದನ್ನು ಒಪ್ಪಿಕೊಳ್ಳಿ.

ಇದೇ ವಿಧಾನವನ್ನು ಮಗಳು ಸರೋಜಳ ಸಂಬಂಧ ಮಾತಾಡುವಾಗಲೂ ಬಳಸಿದೆ. ಗಂಡಿನ ಕಡೆಯವರು ನಿಶ್ಚಯಕ್ಕೆ ಐವತ್ತು ಜನ ಬರುತ್ತೇವೆ ಎಂದರೆ ನಾನು ಇಪ್ಪತ್ತು ಎಂದೆ. ಎದ್ದು ನಿಂತೆ. ಚಪ್ಪಲಿ ಹಾಕಿಕೊಂಡೆ. ಹಿಂದಿನಿಂದ ಯಾರೂ ಕರೆಯಲಿಲ್ಲ! ಹೀಗೆ ಎರಡು ಸಂಬಂಧ ತಪ್ಪಿದವು.

ಮೂರನೆಯ ಹುಡುಗ ಮಂಜುನಾಥ. ಮಡಕಶಿರಾ ಕಡೆಯ ರತ್ನಗಿರಿಯ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಕುರಿ, ಒಂದಿಷ್ಟು ಕಡಲೆಕಾಯಿ ಹೊಲ. ಬೆಂಗಳೂರು ಕಡೆಯ ಗಾರ್ಮೆಂಟ್ಸಿನಲ್ಲಿ ಕೆಲವು ವರ್ಷ ದುಡಿದು, ಈಗ ನಮ್ಮೂರಿನಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಿದ್ದ. ಒಮ್ಮೆ ನಮ್ಮ ಶೆಡ್ಡಿಗೂ ಬಂದು ಹೋದ. ಅವನು ಬಂದು ಹೋದ ಮೇಲೆ ಸರೋಜಳ ಮಷಿನ್ ಪದೇ ಪದೇ ಕೆಡತೊಡಗಿತು. ನನಗೆ ಮಷಿನ್ ಕಂಪನಿಯ ಮೇಲೆ ಅನುಮಾನ ಬಂತು, ಶಾಂತಾಳಿಗೆ ಮಗಳ ಮೇಲೆ.

ಅವರು ಹೆಣ್ಣು ನೋಡಲು ಬರುವ ಭಾನುವಾರ ಸರೋಜ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: “ಅಪ್ಪಾ, ನಂಗ ಇವ್ರು ಒಪ್ಪಿಗಿ ಅದಾರ. ಈ ಸಲನೂ ನೀ ಚಪ್ಲಿ ಹಾಕ್ಕೊಂಡ್ರ, ನಾ ಇನ್ಯಾರ ಮುಂದನೂ ಬಂದು ಕುಂದ್ರಂಗಿಲ್ಲ ನೋಡು.”

“ಹುಚ್ಚಿ, ನಾ ಯಾಕ ಚಪ್ಲಿ ಹಾಕ್ಕೊಳ್ಲಿ? ನಮ್ಮನೀಗೇ ಬರಾಕತ್ಯಾರ!” ಎಂದೆ. ಅವಳು ನಗಲಿಲ್ಲ.

ಬಸ್ಸು ತಡವಾಗಿ, ಮಂಜುನಾಥ ಮತ್ತು ಅವನ ತಾಯಿ ರಂಗಮ್ಮ ಸರಿಯಾಗಿ ರಾಹುಕಾಲದಲ್ಲಿ ನಮ್ಮ ಹೊಸ್ತಿಲು ತುಳಿದರು. ಕುರಿ ಬಿಟ್ಟು ಬರಲಾಗದೆ ಅವನ ತಂದೆ ಊರಲ್ಲೇ ಉಳಿದಿದ್ದರು. ರಂಗಮ್ಮ ಕೂರುತ್ತಲೇ, “ರಾಹುಕಾಲ ಕಳೀಲಿ ಕಣಮ್ಮ, ಆಮ್ಯಾಕೆ ಮಾತು” ಎಂದುಬಿಟ್ಟರು. ಸಂಬಂಧದ ಮಾತು ಎತ್ತುವಂತಿಲ್ಲ. ಕರೆಂಟು ಹೋಗಿದೆ, ಟಿವಿ ಇಲ್ಲ. ಮಳೆಯ ವಿಷಯ ಒಂದು ಲೋಟ ಕಾಫಿಯೊಳಗೆ ಮುಗಿಯಿತು. ರಂಗಮ್ಮ ನನ್ನನ್ನೇ ನೋಡುತ್ತಿದ್ದರು. ತಪ್ಪಿದ ಎರಡು ಸಂಬಂಧಗಳ ಸುದ್ದಿ ಆಗಲೇ ಮಡಕಶಿರಾ ತಲುಪಿತ್ತು ಎಂದು ಆ ನೋಟದಲ್ಲೇ ಗೊತ್ತಾಯಿತು.

ಆಗ ಮಂಜುನಾಥ ಜೇಬಿನಿಂದ ಮೂರು ದಾಳ ತೆಗೆದ.

“ಒಂದು ಆಟ ಐತೆ ಯಜಮಾನ್ರೆ. ಬೆಂಗ್ಳೂರಿನ ರೂಮಿನಾಗೆ ಇದ್ದಾಗ ಭಾನುವಾರ ಆಡ್ತಿದ್ವಿ. ಒಬ್ಬೊಬ್ರು ಒಂದೊಂದು ಪಾತ್ರ ಆಗೋದು. ನಾನು ಕಥೆ ಹೇಳ್ತೀನಿ, ಅದ್ರೊಳಗೆ ನೀವೇನು ಮಾಡ್ತೀರ ಅಂತ ನೀವು ಹೇಳ್ಬೇಕು. ಅದು ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ.”

ಪ್ರತಿ ಪಾತ್ರಕ್ಕೂ ಐದು ಗುಣ: ಬಲ, ತ್ರಾಣ, ಬುದ್ಧಿ, ವಿವೇಕ, ಮಾತು. ಪ್ರತಿ ಗುಣಕ್ಕೂ ಒಂದು ಅಂಕ. ಮೂರೂ ದಾಳ ಎಸೆದಾಗ ಬಂದ ಮೊತ್ತ ಆ ಅಂಕವನ್ನು ಮೀರದಿದ್ದರೆ ಕೆಲಸ ಆದಂತೆ. “ಅಂಕ ಜಾಸ್ತಿ ಇದ್ದಷ್ಟೂ ಒಳ್ಳೇದು. ಎಷ್ಟು ಬೇಕು ಅಂತ ನನ್ನ ಕೇಳಿ ತಗಳ್ಳಿ” ಎಂದ.

ಶಾಂತಾ, “ನಿನಗ ಸರಿ ಕಂಡಷ್ಟು ಕೊಡಪ್ಪ” ಎಂದಳು. ಅವಳಿಗೆ ಎಲ್ಲದರಲ್ಲೂ ಹದಿಮೂರು, ಹದಿನಾಲ್ಕು ಸಿಕ್ಕಿತು. ರಂಗಮ್ಮ, ಸರೋಜ ಕೂಡ ಹಾಗೇ ತೆಗೆದುಕೊಂಡರು. ಅಯ್ಯೋ, ಚೌಕಾಸಿ ಗೊತ್ತಿಲ್ಲದ ಜನ! ಎಂದುಕೊಂಡೆ.

ನನ್ನ ಸರದಿ ಬಂತು. ಕುರಿ ಸಂತೆಗೆ ಹೋಗುವ ಮನೆಯ ಹುಡುಗ, ಇವನ ಕೈ ಎಷ್ಟು ಗಟ್ಟಿ ನೋಡಿಯೇಬಿಡೋಣ ಎನ್ನಿಸಿತು. ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಬಲಗೈಗಳ ಮೇಲೆ ಹೊದಿಸಿದೆ. ಸಂತೆಯಲ್ಲಿ ಕುರಿಯ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದೇ ಸಂಖ್ಯೆ ತಿಳಿಸುವುದು. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ. ಹುಡುಗನ ಮುಖ ಅರಳಿತು.

“ಬಲ” ಎಂದು, ಅವನು ನನ್ನ ಬೆರಳುಗಳಲ್ಲಿ ಹದಿನಾಲ್ಕು ಹಿಡಿದ.

ಹದಿನಾಲ್ಕೇ! ನನ್ನನ್ನು ಏನೆಂದುಕೊಂಡಿದ್ದಾನೆ? ನಾನು ಆರು ಹಿಡಿದೆ. ಅವನು ಗಾಬರಿಯಾಗಿ ಹನ್ನೆರಡು ಹಿಡಿದ. ನಾನು ಐದಕ್ಕೆ ಇಳಿದೆ. ಹುಡುಗನ ಹಣೆ ಬೆವರಿತು. “ಯಜಮಾನ್ರೆ, ಅದು…” ಎಂದ. “ಟವೆಲ್ ಮ್ಯಾಲ ಮಾತಿಲ್ಲ!” ಎಂದು ಗದರಿದೆ. ಅವನು ತಾಯಿಯ ಮುಖ ನೋಡಿದ, ಸರೋಜಳ ಮುಖ ನೋಡಿದ, ಹಿರಿಯರ ಕೈ ತಳ್ಳಲಾಗದೆ ಸೋತ. ಬಲವನ್ನು ಮೂರಕ್ಕೆ ಹೊಡೆದೆ! ಅದೇ ಹುಮ್ಮಸ್ಸಿನಲ್ಲಿ ತ್ರಾಣ ನಾಲ್ಕಕ್ಕೆ, ಬುದ್ಧಿ ಮೂರಕ್ಕೆ, ವಿವೇಕ ಮೂರಕ್ಕೆ. ಕೊನೆಗೆ ಮಾತನ್ನು, ಹುಡುಗ ಪಾಪ ಎಂದು, ನಾಲ್ಕಕ್ಕೆ ಒಪ್ಪಿಕೊಂಡೆ.

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎಲ್ಲರನ್ನೂ ನೋಡಿದೆ. ಮಂಜುನಾಥ ಮಾರ್ಕಿಂಗ್ ಚಾಕಿನಿಂದ ಜೀನ್ಸ್ ಬಟ್ಟೆಯ ತುಂಡಿನ ಮೇಲೆ ನನ್ನ ಅಂಕಗಳನ್ನು ಬರೆದ.

“ಅಪ್ಪಾ, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದ್ರಲ್ಲಪ್ಪಾ!” ಸರೋಜ ಅಳುವ ದನಿಯಲ್ಲಿ ಹೇಳಿದಳು.

ಆಗ ನನಗೆ ಹೊಳೆಯಿತು. ಕೊಳ್ಳುವವನಾಗಿ ಸಂಖ್ಯೆ ಇಳಿಸಿ ಇಳಿಸಿ ಅಭ್ಯಾಸವಾಗಿದ್ದ ಕೈ, ನನ್ನನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು!

“ಬ್ಯಾರೆ ಬರಕೊಳ್ಳನ್ರಿ” ಎಂದಳು ಶಾಂತಾ. ಆದರೆ ಟವೆಲ್ಲಿನ ಕೆಳಗೆ ಮುಗಿದ ವ್ಯಾಪಾರ ಮುರಿದರೆ ಸಂತೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. “ಮಾತು ಅಂದ್ರ ಮಾತು. ನಡೀಲಿ ಆಟ” ಎಂದೆ. ಮೂರರ ವಿವೇಕಕ್ಕೆ ತಕ್ಕ ತೀರ್ಮಾನ.

ಕಥೆ ಹೀಗಿತ್ತು: ರತ್ನಗಿರಿ ಕೋಟೆಯ ಮೇಲೆ ರಾಣಿಯ ಟಗರು ತಪ್ಪಿಸಿಕೊಂಡಿದೆ, ನಾವು ನಾಲ್ವರು ಹಿಡಿದು ತರಬೇಕು. ದಾರಿ ತೋರಿಸುವ ಆಳಿನ ಪಾತ್ರ ಮಂಜುನಾಥನದೇ.

“ನಾ ಕತ್ತಿ ಹಿಡ್ಕೊಂಡು ಮುಂದ ನಡೀತೀನಿ” ಎಂದೆ. ದಾಳ ಹನ್ನೊಂದು ಬಿತ್ತು. ಕತ್ತಿ ನೆಲ ಬಿಟ್ಟು ಏಳಲಿಲ್ಲ. ಕಬ್ಬಿಣದ ಅಂಗಿ ತೊಟ್ಟೆ. ಅಂಗಿಯ ಸಮೇತ ಅಂಗಾತ ಬಿದ್ದೆ. ಕೊನೆಗೆ ಬುತ್ತಿಗಂಟು ಹೊರಲು ಹೋದೆ. ಅದನ್ನೂ ಶಾಂತಾಳ ಪಾತ್ರ ಕಿತ್ತುಕೊಂಡು ನಡೆಯಿತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ತ್ರಾಣ ಮುಗಿಯಿತು.

ಬಾಗಿಲ ಕಾವಲುಗಾರನಿಗೆ ವಿನಯದಿಂದ ನಮಸ್ಕಾರ ಎಂದೆ. ದಾಳ ಎಸೆದೆ. ಮಂಜುನಾಥ ತಲೆ ಕೆರೆದುಕೊಂಡ. “ಯಜಮಾನ್ರೆ, ನೀವು ನಮಸ್ಕಾರ ಅಂದಿದ್ದು ಅವ್ನಿಗೆ ಅವ್ರಪ್ಪನ್ನ ಬೈದಂಗೆ ಕೇಳಿಸ್ತು.”

ಅಲ್ಲೊಬ್ಬ ಮುದುಕಿ ಊರುಗೋಲು ಮಾರುತ್ತಿದ್ದಳು. ಕೋಲಿಗೆ ಬದಲಾಗಿ ನನ್ನ ಚಪ್ಪಲಿ ಕೇಳಿದಳು. ನನ್ನ ಕಣ್ಣು ಬೆಳಗಿತು. ಇದು ನನ್ನ ಅಂಗಳ! “ಒಂದು ಚಪ್ಲಿ ಕೊಡ್ತೀನಿ ಅನ್ನು” ಎಂದೆ.

“ಆಗಲ್ಲ ಯಜಮಾನ್ರೆ. ವಿವೇಕ ಮೂರು ಇರೋರು ಎದುರಿನೋರು ಹೇಳಿದ ಮೊದಲ ಬೆಲೆಗೇ ಒಪ್ಪಬೇಕು.”

ಓದುಗರೇ, ಆ ಕ್ಷಣದ ನನ್ನ ಎದೆಯ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಎರಡೂ ಚಪ್ಪಲಿ ಹೋದವು! ಮುದುಕಿ ಮತ್ತೆ ಕೇಳಿದಳು, ಅಂಗಿಯೂ ಹೋಯಿತು! ಶಾಂತಾ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

“ಈ ಆಟ ಹೆಂಗ ಆಡಬೇಕಂದ್ರ…” ಎಂದು ನಾನು ಎಲ್ಲರಿಗೂ ಉಪಾಯ ಹೇಳಲು ಶುರು ಮಾಡಿದೆ. ಮಂಜುನಾಥ ಬಹಳ ಸಂಕೋಚದಿಂದ ಕೈ ಮುಗಿದ. “ತಪ್ಪು ತಿಳ್ಕಾಬೇಡಿ. ಬುದ್ಧಿ ಮೂರು ಇರೋರು ಒಂದು ಸಲಕ್ಕೆ ಎರಡೇ ಪದ ಆಡಬೇಕು.”

“ಈ ಆಟ ನಂಗ ಭಾಳ ಹಿಡಿಸ್ತು!” ಎಂದಳು ಶಾಂತಾ.

ಅಷ್ಟರಲ್ಲಿ ಕಥೆಯೊಳಗೆ ನಾನು ಕೋಟೆಯ ಹಗೇವಿಗೆ ಬಿದ್ದೆ. ಹಗೇವು ಎಂದರೆ ಹಿಂದಿನವರು ಕಾಳು ತುಂಬಿಡುತ್ತಿದ್ದ ಆಳದ ಗುಂಡಿ. ಮೇಲಿನಿಂದ ಸರೋಜ ಹಗ್ಗ ಬಿಟ್ಟಳು. ಹಿಡಿದುಕೊಳ್ಳಲು ನನಗೆ ಬಲ ಸಾಲದು. ಕೆಳಗೆ ಹಾವು ಬುಸುಗುಟ್ಟಿತು. ದೂರದಲ್ಲಿ ಟಗರು ಓಡಿಹೋಗುತ್ತಿತ್ತು.

ರಂಗಮ್ಮ ಸೀರೆ ಸರಿಪಡಿಸಿಕೊಂಡು ಹೇಳಿದರು: “ಬಿಟ್ಟು ಹೋಗಾನ ನಡೀರಿ. ಇವಯ್ಯನ ಕಟ್ಕಂಡು ನಾವು ಎಲ್ಲಿಗೂ ಮುಟ್ಟಕಿಲ್ಲ.”

ಯಾರೂ ನಗಲಿಲ್ಲ. ಅದು ಹಗೇವಿನ ಮಾತಷ್ಟೇ ಆಗಿರಲಿಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಸರೋಜ ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಿದ್ದಳು. ಹೇಳಲು ನನ್ನ ಬಳಿ ನೂರು ಮಾತಿದ್ದವು: ನಾನು ಸೊನ್ನೆಯಿಂದ ಮೇಲೆ ಬಂದವನು, ಹತ್ತು ಮಷಿನ್ ಇಟ್ಟವನು, ಹಾಗೆ ಹೀಗೆ. ಇದ್ದದ್ದು ಎರಡೇ ಪದಕ್ಕೆ ಅವಕಾಶ.

“ಕೈ ಕೊಡ್ರಿ” ಎಂದೆ.

ಅದರ ಹಿಂದೆ ಒಂದು ಷರತ್ತೂ ಇರಲಿಲ್ಲ. ಶಾಂತಾ ಬಾಯಿಗಿಟ್ಟ ಸೆರಗು ತೆಗೆದು ನನ್ನ ಮುಖ ನೋಡಿದಳು.

ಮಂಜುನಾಥ ಮೆಲ್ಲಗೆ ಹೇಳಿದ: “ದಾರಿ ತೋರ್ಸೋ ಆಳು ಹಗೇವಿಗೆ ಇಳೀತಾನೆ. ನನ್ನ ಬೆನ್ನು ಹತ್ತಿ, ಮಾವ.”

ಮಾವ! ಸರೋಜಳ ಕಿವಿ ಕೆಂಪಾಯಿತು. ಹುಡುಗ ನಾಲಿಗೆ ಕಚ್ಚಿಕೊಂಡು ದಾಳ ಎಸೆದ. ಹದಿನೇಳು! ಇಬ್ಬರೂ ಜಾರಿ ಮತ್ತೆ ತಳಕ್ಕೆ ಬಿದ್ದೆವು.

“ಥೂ, ಕೊಡಿಲ್ಲಿ” ಎಂದು ರಂಗಮ್ಮ ದಾಳ ಕಸಿದುಕೊಂಡರು. “ಹಗ್ಗ ನಾನು ಎಳೀತೀನಿ. ಬೀಗ್ರನ್ನ ಗುಂಡಿಯಾಗೆ ಬಿಟ್ಟು ಬಂದ್ರೆ ಊರಾಗೆ ಏನಂದಾರು?” ದಾಳ ಉರುಳಿತು. ಎಂಟು! ನಾನು ಅಂಗಿಯಿಲ್ಲದೆ, ಚಪ್ಪಲಿಯಿಲ್ಲದೆ ಭೂಮಿಯ ಮೇಲೆ ಬಂದೆ.

ಶಾಂತಾ ಎದೆ ಮುಟ್ಟಿಕೊಂಡಳು. “ಅಕ್ಕಾರ, ಬೀಗರು ಅಂದ್ಬಿಟ್ರಲ್ರೀ! ಇನ್ನಾ ರಾಹುಕಾಲ ಐತ್ರೀ!”

“ಹಗೇವಿನ ಒಳಗೆ ಯಾವ ರಾಹು ಕಣಮ್ಮ” ಎಂದು ರಂಗಮ್ಮ ಸರೋಜಳನ್ನು ಹತ್ತಿರ ಕೂರಿಸಿಕೊಂಡರು.

ರಾಹುಕಾಲ ಕಳೆದ ಮೇಲೆ ಶಾಸ್ತ್ರಕ್ಕೆ ಮಾತು ಶುರುವಾಯಿತು. ನಿಶ್ಚಯಕ್ಕೆ ಅರವತ್ತು ಜನ ಬರುತ್ತೇವೆ ಎಂದರು ರಂಗಮ್ಮ. ನಾನು ಬಾಯಿ ತೆರೆದೆ. ಸರೋಜ ಎರಡು ಬೆರಳು ಎತ್ತಿ ತೋರಿಸಿದಳು.

“ಎಲ್ಲಾರೂ ಬರ್ರಿ” ಎಂದೆ.

ಮಿಕ್ಕದ್ದನ್ನು ಶಾಂತಾ ಮತ್ತು ರಂಗಮ್ಮ ಮುಗಿಸಿದರು. ನಾನು ಎರಡು ಮನೆಗಳಲ್ಲಿ ಗಂಟೆಗಟ್ಟಲೆ ಮಾತಾಡಿ ಕೆಡಿಸಿದ್ದು, ಸುಮ್ಮನಿದ್ದಾಗ ಎಲೆಅಡಿಕೆ ಜಗಿಯುವಷ್ಟರಲ್ಲಿ ಆಗಿಹೋಯಿತು. ಆ ಹುಡುಗನಿಗೆ, ಅವನ ತಾಯಿಗೆ, ನನ್ನನ್ನು ಹಗೇವಿನಲ್ಲಿ ಬಿಡದ ನನ್ನ ಮನೆಯ ಇಬ್ಬರು ಹೆಂಗಸರಿಗೆ ನಾನು ಸದಾ ಋಣಿ. ನಿಮಗೊಂದು ಸಲಹೆ: ಹೆಣ್ಣಿನ ತಂದೆಯಾಗುವವರು ಆ ದಿನದ ಮಟ್ಟಿಗಾದರೂ ಬುದ್ಧಿಯನ್ನು ಮೂರಕ್ಕೆ ಇಳಿಸಿಕೊಳ್ಳಿ.

ಮದುವೆ ಮಡಕಶಿರಾದಲ್ಲಿ ನಡೆಯಿತು. ಛತ್ರದ ಬಾಗಿಲಲ್ಲಿ ರಂಗಮ್ಮ ನನ್ನನ್ನು ತಮ್ಮ ಕಡೆಯವರಿಗೆಲ್ಲ ಪರಿಚಯಿಸಿದ್ದು ಒಂದೇ ರೀತಿ: “ಇವ್ರೇ ನಮ್ ಬೀಗ್ರು. ಹಗೇವಿಗೆ ಬಿದ್ದಿದ್ರಲ್ಲ, ನಾನೇ ಮ್ಯಾಕೆ ಎಳೆದು ಹಾಕಿದ್ದು.” ವಯಸ್ಸಾದ ಹಿರಿಯರೊಬ್ಬರು ಮರುಗಿ, ಬಗ್ಗಿ ನನ್ನ ಮೊಣಕಾಲು ಮುಟ್ಟಿ ನೋಡಿದರು. “ಪೂರಾ ವಾಸಿ ಆತಾ ಸ್ವಾಮಿ? ನಡಿಯಾಕೆ ಆಯ್ತದಾ?”

ಬೀಗಿತ್ತಿಯ ಮಾತು ಸುಳ್ಳು ಮಾಡುವುದು ಹೇಗೆ? ಊಟದ ಪಂಕ್ತಿಯವರೆಗೂ ಕುಂಟಿಕೊಂಡೇ ಹೋದೆ.